ತುಮಕೂರು ರಸ್ತೆಯ ಕಾರು ಮತ್ತು ಅದರ ಕಪ್ಪು ವೈರು

ಇದನ್ನ ಗ್ರೀನ್ ಲೈನ್ ಮೆಟ್ರೋದಲ್ಲಿ ಕೂತು ಕೇಳ್ತಿದ್ದರೆ, ಯಶವಂತಪುರ ದಾಟಿ ಗೊರಗುಂಟೆಪಾಳ್ಯ ಬರೋ ಹೊತ್ತಿಗೆ ಒಮ್ಮೆ ಕಿಟಕಿಯಿಂದ ಕೆಳಗೆ ನೋಡಿ. ರಿಂಗ್ ರೋಡ್ ಬಂದು ಸೇರೋ ಜಂಕ್ಷನ್, ಸಾಲುಗಟ್ಟಿದ ಲಾರಿಗಳು, ಊರಿನ ಬಸ್ಸಿಗೆ ಕಾಯ್ತಿರೋ ಜನ. ಇದೇ ತುಮಕೂರು ರಸ್ತೆಯ ಇಂಡಸ್ಟ್ರಿಯಲ್ ಸಬರ್ಬ್‌ನಲ್ಲಿ ಸಿಪಾನಿ ಆಟೋಮೊಬೈಲ್ಸ್ ಅಂತ ಒಂದು ಕಂಪನಿ ಇತ್ತು. ಬೆಂಗಳೂರಿನದೇ ಕಾರು ಮಾಡ್ತಿತ್ತು. ಅಂಬಾಸಿಡರ್, ಪದ್ಮಿನಿ ಹೆಸರು ಎಲ್ಲರಿಗೂ ಗೊತ್ತು. ಸಿಪಾನಿ ಡಾಲ್ಫಿನ್ ಅಂದ್ರೆ ಇಪ್ಪತ್ತರ ವಯಸ್ಸಿನವರು ಮುಖ ಮುಖ ನೋಡ್ತಾರೆ.

ಇವತ್ತು ಆ ಕಾರಿನ ಕಥೆಯನ್ನ ಅದರ ವೈರಿಂಗ್ ಕಡೆಯಿಂದ ಹೇಳ್ತೀನಿ.

ಮೊದಲು ಒಂದು ಹಳೇ ಆಸೆಯ ವಿಷಯ. ಬೆಂಗಳೂರಿನಲ್ಲಿ ಕಾರು ಕಾರ್ಖಾನೆ ಆಗಬೇಕು ಅಂತ ಮೊದಲು ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ. 1930ರ ದಶಕದಲ್ಲೇ ಯುರೋಪ್, ಅಮೆರಿಕ ಸುತ್ತಿ ಬಂದು ಯೋಜನೆ ತಯಾರು ಮಾಡಿದ್ರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದ್ರು, ಮೈಸೂರು ಸಂಸ್ಥಾನವೂ ಒಲವು ತೋರಿಸಿತು. ಬ್ರಿಟಿಷ್ ಸರ್ಕಾರ ಮಾತ್ರ ಒಪ್ಪಿಗೆ ಕೊಡಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದ್ರು, ಅದು ಇವತ್ತಿನ ಎಚ್ಎಎಲ್. ಕಾರಿನ ಕನಸು ಹೊತ್ತು 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ್ರು. ಪದ್ಮಿನಿ ಮುಂಬೈ ಟ್ಯಾಕ್ಸಿ ಆಗಿದ್ದು ಹಾಗೆ. ವಿಮಾನ ಮಾಡಿದ ಊರಿಗೆ ಕಾರು ಬರೋಕೆ ಇನ್ನೂ ಮೂವತ್ತು ವರ್ಷ ಬೇಕಾಯ್ತು, ವಿಚಿತ್ರ ಅಲ್ವಾ?

ಬಂದಿದ್ದೂ ಸಣ್ಣದಾಗೇ. 1970ರ ದಶಕದಲ್ಲಿ ಸನ್‌ರೈಸ್ ಆಟೋ ಇಂಡಸ್ಟ್ರೀಸ್ ಹೆಸರಲ್ಲಿ ಬಂದ ಬಾದಲ್‌ಗೆ ಮೂರೇ ಚಕ್ರ. ಹಿಂದುಗಡೆ ಒಂದು ಪುಟ್ಟ ಟೂ ಸ್ಟ್ರೋಕ್ ಎಂಜಿನ್. ಅದರ ನಂತರ, 1982ರಲ್ಲಿ, ಡಾಲ್ಫಿನ್. ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯ ಕಿಟನ್ ಅನ್ನೋ ಕಾರೇ ಇಲ್ಲಿ ಡಾಲ್ಫಿನ್ ಆಯ್ತು. ಎರಡು ಬಾಗಿಲು, 848 ಸಿಸಿ ಅಲ್ಯೂಮಿನಿಯಂ ಎಂಜಿನ್. ಬಾಡಿ ಪೂರ್ತಿ ಫೈಬರ್‌ಗ್ಲಾಸ್.

ಯಾಕೆ ಫೈಬರ್? ಸ್ಟೀಲ್ ಬಾಡಿ ಒತ್ತೋಕೆ ದೈತ್ಯ ಪ್ರೆಸ್‌ಗಳು, ದುಬಾರಿ ಡೈಗಳು ಬೇಕು. ಲಕ್ಷಗಟ್ಟಲೆ ಕಾರು ಮಾಡೋರಿಗೆ ಆ ಲೆಕ್ಕ ಕೂಡಿ ಬರುತ್ತೆ. ಸಣ್ಣ ಕಂಪನಿಗೆ ಅಚ್ಚಿನೊಳಗೆ ಗಾಜಿನ ನಾರು ಹಾಸಿ ರೆಸಿನ್ ಹಚ್ಚೋದೇ ದಾರಿ. ಲಾಭ ಏನಂದ್ರೆ ಕಾರು ಹಗುರ, ಬಾಡಿಗೆ ತುಕ್ಕು ಹಿಡಿಯಲ್ಲ. ಹಗುರ ಅಂತಲೇ ರ‍್ಯಾಲಿ ಓಡಿಸೋರು ಇದನ್ನ ಇಷ್ಟಪಟ್ರು. ನಷ್ಟ ಎಲ್ಲಾಯ್ತು ಅಂದ್ರೆ, ವೈರಿಂಗ್‌ನಲ್ಲಿ.

ಇದನ್ನ ಸ್ವಲ್ಪ ನಿಧಾನವಾಗಿ ಕೇಳಿ. ಪದ್ಮಿನಿಯ ಹಿಂದಿನ ದೀಪಕ್ಕೆ ಕರೆಂಟು ವೈರಿನಲ್ಲಿ ಹೋಗುತ್ತೆ, ವಾಪಸ್ ಬರೋದು ಬಾಡಿಯ ತಗಡಿನ ಮೂಲಕ. ಬ್ಯಾಟರಿಯ ನೆಗೆಟಿವ್ ಅದೇ ತಗಡಿಗೆ ಸೇರಿರುತ್ತೆ. ಮೆಕ್ಯಾನಿಕ್‌ಗಳು 'ಬಾಡಿ ಅರ್ಥ್' ಅನ್ನೋದು ಇದಕ್ಕೇ. ಇಡೀ ಕಾರೇ ಒಂದು ದೊಡ್ಡ ವೈರು ಅಂದ್ಕೊಳ್ಳಿ. ಫೈಬರ್‌ನಲ್ಲಿ ಕರೆಂಟು ಹರಿಯಲ್ಲ. ಹಾಗಾಗಿ ಡಾಲ್ಫಿನ್‌ನಂಥ ಕಾರಿನಲ್ಲಿ ದೀಪಕ್ಕೆ, ಹಾರ್ನಿಗೆ, ವೈಪರ್ ಮೋಟರಿಗೆ ಎಲ್ಲಕ್ಕೂ ವಾಪಸ್ ಬರೋಕೆ ಬೇರೆ ವೈರು ಎಳೀಬೇಕು. ಅವೆಲ್ಲ ಕೊನೆಗೆ ಕೆಳಗಿನ ಸ್ಟೀಲ್ ಚಾಸಿಗೆ ಕೆಲವೇ ಬೋಲ್ಟುಗಳಲ್ಲಿ ಬಂದು ಕೂರ್ತವೆ. ಬಾಡಿ ನಲವತ್ತು ವರ್ಷ ಆದ್ರೂ ಹೊಳೀತಿರುತ್ತೆ, ಬುಡದಲ್ಲಿ ಮಳೆ ನೀರು ಕುಡಿಯೋ ಆ ಬೋಲ್ಟಿಗೆ ತುಕ್ಕು.

ಆಗ ಕಾರು ದೆವ್ವ ಹಿಡಿದ ಹಾಗೆ ಆಡುತ್ತೆ. ಬ್ರೇಕ್ ಒತ್ತಿದ್ರೆ ಪಾರ್ಕಿಂಗ್ ದೀಪ ಮಿಣಮಿಣ ಅನ್ನುತ್ತೆ. ಬಲಕ್ಕೆ ಇಂಡಿಕೇಟರ್ ಹಾಕಿದ್ರೆ ಹಿಂದಿನ ಕೆಂಪು ದೀಪವೂ ಜೊತೆಗೆ ಮಿಟುಕುತ್ತೆ. ಹೊಸ ಬಲ್ಬ್ ಹಾಕ್ತೀರಿ, ಫ್ಯೂಸ್ ಬದಲಾಯಿಸ್ತೀರಿ, ಏನೂ ಆಗಲ್ಲ. ವಿಷಯ ಇಷ್ಟೇ: ಬ್ರೇಕ್ ಬಲ್ಬ್‌ಗೆ ಹೋದ ಕರೆಂಟಿಗೆ ವಾಪಸ್ ದಾರಿ ಮುಚ್ಚಿದೆ. ಅದು ಪಕ್ಕದ ಬಲ್ಬಿನ ತಂತಿ ಒಳಗೆ ನುಗ್ಗಿ ಅಡ್ಡದಾರಿ ಹುಡುಕ್ತಿದೆ. 12 ವೋಲ್ಟಿನ ಕಾರಿನಲ್ಲಿ 21 ವ್ಯಾಟ್‌ನ ಒಂದು ಬಲ್ಬ್ ಹತ್ತಿರ ಹತ್ತಿರ 1.75 ಆಂಪಿಯರ್ ಎಳೆಯುತ್ತೆ. ತುಕ್ಕು ಬರೀ 1 ಓಮ್ ತಡೆ ಒಡ್ಡಿದ್ರೂ ಸುಮಾರು ಒಂದೂವರೆ ವೋಲ್ಟ್ ಅಲ್ಲೇ ಸೋರಿಹೋಗುತ್ತೆ. ಹೆಡ್‌ಲೈಟ್ ಎಳೆಯೋದು ಇನ್ನೂ ಜಾಸ್ತಿ, ನಷ್ಟವೂ ಜಾಸ್ತಿ.

ಪತ್ತೆ ಮಾಡೋದು ಹೇಗೆ? ಬಹಳ ಜನ ದೀಪ ಆರಿಸಿಟ್ಟು ಮೀಟರ್ ಹಿಡೀತಾರೆ. ಉಪಯೋಗ ಇಲ್ಲ. ಕರೆಂಟು ಹರೀತಿದ್ರೆ ಮಾತ್ರ ಈ ರೋಗ ಕಾಣಿಸುತ್ತೆ. ದೀಪ ಹಾಕೇ ಇರಲಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಆ ದೀಪದ ಅರ್ಥ್ ಮೇಲೆ. ಸೊನ್ನೆ ಹತ್ತಿರ ತೋರಿಸಿದ್ರೆ ಆ ದಾರಿ ಸರಿ ಇದೆ. ಒಂದು, ಒಂದೂವರೆ ವೋಲ್ಟ್ ಬಂದ್ರೆ ಕಳ್ಳ ಸಿಕ್ಕಿದ. ಮೀಟರ್ ಇಲ್ವಾ, ಉದ್ದದ ಒಂದು ವೈರು ತಗೊಂಡು ದೀಪದ ಅರ್ಥನ್ನ ನೇರ ಬ್ಯಾಟರಿ ನೆಗೆಟಿವ್‌ಗೆ ತಾಗಿಸಿ. ದೀಪ ಥಟ್ಟನೆ ಬೆಳಗಿದ್ರೆ ಬೋಲ್ಟ್ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿ. ಫ್ಯೂಸ್ ಜಾಗದಲ್ಲಿ ದಪ್ಪ ತಂತಿ ಸುತ್ತೋದು ಮಾತ್ರ ಯಾವ ಕಾರಣಕ್ಕೂ ಬೇಡ. ಫೈಬರ್ ಬಾಡಿಗೆ ತುಕ್ಕು ಹಿಡಿಯಲ್ಲ ನಿಜ, ಬೆಂಕಿ ಹಿಡಿಯುತ್ತೆ.

ಇನ್ನೊಂದು ತಮಾಷೆ ಇದೆ, ಆದ್ರೆ ಅಪಾಯದ ತಮಾಷೆ. ನಮ್ಮ ಮನೆ ವೈರಿಂಗ್‌ನಲ್ಲಿ ಹಸಿರು ವೈರು ಅಂದ್ರೆ ಅರ್ಥ್. ಹಳೇ ಬ್ರಿಟಿಷ್ ಕಾರುಗಳ ಪದ್ಧತಿಯಲ್ಲಿ ಹಸಿರು ಅಂದ್ರೆ ಕೀ ತಿರುಗಿಸಿದ ಮೇಲೆ ಫ್ಯೂಸ್ ದಾಟಿ ಬರೋ ಕರೆಂಟು. ಕಂದು ನೇರ ಬ್ಯಾಟರಿಯದು. ಅಲ್ಲಿ ಅರ್ಥ್ ಅಂದ್ರೆ ಕಪ್ಪು. 'ಮನೆ ಕೆಲಸ ಮಾಡ್ತಾರಲ್ಲ, ಕಾರಿಂದೂ ಮಾಡ್ತಾರೆ' ಅಂತ ಇಂಥ ಹಳೇ ಕಾರನ್ನ ಎಲೆಕ್ಟ್ರಿಷಿಯನ್ ಕೈಗೆ ಕೊಟ್ರೆ ಏನಾಗಬಹುದು, ನೀವೇ ಯೋಚಿಸಿ.

ಡಾಲ್ಫಿನ್ ಸೋತಿದ್ದು ಅರ್ಥ್ ವೈರಿನಿಂದ ಅಂತ ನಾನು ಹೇಳ್ತಿಲ್ಲ. 1983ರ ಡಿಸೆಂಬರ್ 14ಕ್ಕೆ ಮಾರುತಿ 800 ಬಂತು. ಸ್ಟೀಲ್ ಬಾಡಿ, ಸುಜುಕಿ ತಂತ್ರಜ್ಞಾನ, ಬೆನ್ನಿಗೆ ಕೇಂದ್ರ ಸರ್ಕಾರ. ತುಮಕೂರು ರಸ್ತೆಯ ಸಣ್ಣ ಕಂಪನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಡಾಲ್ಫಿನ್‌ನೇ ಹಿಗ್ಗಿಸಿ ಹೆಚ್ಚು ಬಾಗಿಲಿನ ಮೊಂಟಾನ ಮಾಡಿದ್ರು, 90ರ ದಶಕದಲ್ಲಿ ರೋವರ್ ಮೊಂಟೆಗೊ ಜೋಡಿಸಿ ಮಾರಿದ್ರು. ಯಾವುದೂ ನಿಲ್ಲಲಿಲ್ಲ.

ಆದ್ರೆ ಸೋತ ಮೇಲೆ ಉಳಿದ ಕಾರುಗಳ ಪಾಡು ಬೇರೆ. ಪದ್ಮಿನಿಗೆ ಊರಿಗೊಬ್ಬ ಮೆಕ್ಯಾನಿಕ್ ಇದ್ದ. ಫೈಬರ್ ಕಾರಿಗೆ ಅದೇ ಅಭ್ಯಾಸದಲ್ಲಿ ಬಾಡಿಗೆ ಸ್ಕ್ರೂ ಹೊಡೆದು 'ಅರ್ಥ್ ಕೊಟ್ಟೆ' ಅಂದ್ರೆ ದೀಪ ಹತ್ತಲ್ಲ. ನಿಮ್ಮ ತಾತನ ಶೆಡ್‌ನಲ್ಲೋ, ಯಾವುದಾದ್ರೂ ಗುಜರಿಯ ಮೂಲೆಯಲ್ಲೋ ಒಂದು ಡಾಲ್ಫಿನ್ ಕಣ್ಣಿಗೆ ಬಿದ್ರೆ, ವೈರಿಂಗ್ ಪೂರ್ತಿ ಕಿತ್ತು ಬಿಸಾಕೋ ಮುಂಚೆ ಒಮ್ಮೆ ಕೆಳಗೆ ಬಗ್ಗಿ ಚಾಸಿ ನೋಡಿ. ಕಪ್ಪು ವೈರುಗಳು ಸೇರೋ ಬೋಲ್ಟ್ ಅಲ್ಲೇ ಎಲ್ಲೋ ಮಣ್ಣಿನಡಿ ಇರುತ್ತೆ.