ಯಯಾತಿಯ ಆಶಯ ಮತ್ತು ರಕ್ತಮೂಲದ ಮುಪ್ಪು: ಒಂದು ಚಾರಿತ್ರಿಕ ಅವಲೋಕನ

ಮುಪ್ಪನ್ನು ಒಬ್ಬರಿಂದ ಮತ್ತೊಬ್ಬರಿಗೆ ವರ್ಗಾಯಿಸಬಹುದೆಂಬ ನಂಬಿಕೆ ಪ್ರಾಚೀನವಾದುದು. ಮಹಾಭಾರತದ ಆದಿಪರ್ವದಲ್ಲಿ ಶುಕ್ರಾಚಾರ್ಯರ ಶಾಪದಿಂದ ಮುದಿತನ ಪಡೆದ ಯಯಾತಿಯು ಕಿರಿಯ ಮಗ ಪೂರುವಿನ ಯೌವನವನ್ನು ಬೇಡಿ ಪಡೆಯುತ್ತಾನೆ. ಈ ಆಶಯವು ಆಧುನಿಕ ಕಾಲದಲ್ಲಿ ರಕ್ತದ ಸುತ್ತ ಮರುಹುಟ್ಟು ಪಡೆದುದು ಗಮನಾರ್ಹ. 1926ರಲ್ಲಿ ಮಾಸ್ಕೋದಲ್ಲಿ ರಕ್ತಪೂರಣ ಸಂಸ್ಥೆಯನ್ನು ಸ್ಥಾಪಿಸಿದ ಅಲೆಕ್ಸಾಂಡರ್ ಬೊಗ್ದಾನೊವ್ ಕಿರಿಯರೊಡನೆ ರಕ್ತ ವಿನಿಮಯ ಮಾಡಿಕೊಂಡು ಚೈತನ್ಯ ವೃದ್ಧಿಯಾಗುವುದೆಂದು ನಂಬಿದ್ದನು. 1928ರಲ್ಲಿ ರೋಗಿಯಾಗಿದ್ದ ವಿದ್ಯಾರ್ಥಿಯೊಬ್ಬನೊಡನೆ ನಡೆಸಿದ ಇಂಥದೇ ವಿನಿಮಯದ ತರುವಾಯ ಅವನು ಮೃತನಾದನು; ವಿದ್ಯಾರ್ಥಿ ಬದುಕಿ ಉಳಿದನು.

ರಕ್ತದ ಮೂಲ ರಕ್ತದಲ್ಲಿಲ್ಲ, ಅಸ್ಥಿಮಜ್ಜೆಯ ಆಕರಕೋಶಗಳಲ್ಲಿದೆ ಎಂಬುದು ಪ್ರಯೋಗದಿಂದ ಸಿದ್ಧವಾದುದು ಅನಂತರದಲ್ಲಿ. ಗಿರೀಶ ಕಾರ್ನಾಡರ 'ಯಯಾತಿ' ನಾಟಕ ಪ್ರಕಟವಾದ 1961ರಲ್ಲಿಯೇ ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕ್ಕುಲಕ್ ಅವರು ತಮ್ಮ ಪ್ರಬಂಧವನ್ನು ಪ್ರಕಟಿಸಿದುದು ಕೇವಲ ಕಾಕತಾಳೀಯ. ವಿಕಿರಣಕ್ಕೊಳಗಾದ ಇಲಿಗಳಿಗೆ ಮಜ್ಜೆಯ ಕೋಶಗಳನ್ನು ಚುಚ್ಚಿದಾಗ ಅವುಗಳ ಗುಲ್ಮದಲ್ಲಿ ಗಂಟುಗಳು ಮೂಡಿದವು. ಚುಚ್ಚಿದ ಕೋಶಗಳ ಪ್ರಮಾಣಕ್ಕೆ ಅನುಗುಣವಾಗಿ ಗಂಟುಗಳ ಸಂಖ್ಯೆಯೂ ಇತ್ತು. ಒಂದೊಂದು ಗಂಟೂ ಒಂದೇ ಕೋಶದ ಸಂತತಿಯೆಂದು 1963ರಲ್ಲಿ ದೃಢಪಟ್ಟಿತು.

ಈ ಮೂಲಕ್ಕೂ ಮುಪ್ಪುಂಟೇ ಎಂಬ ಪ್ರಶ್ನೆಗೆ 1996ರಲ್ಲಿ ಮಾರಿಸನ್, ವೈಸ್ಮನ್ ಮತ್ತು ಸಂಗಡಿಗರು ನೀಡಿದ ಉತ್ತರ ಅನಿರೀಕ್ಷಿತವಾಗಿತ್ತು. ಮುದಿ ಇಲಿಗಳ ಮಜ್ಜೆಯಲ್ಲಿ ಆಕರಕೋಶಗಳು ಐದು ಪಟ್ಟು ಹೆಚ್ಚಾಗಿದ್ದವು. ಆದರೆ ಹೊಸ ಮಜ್ಜೆಯಲ್ಲಿ ನೆಲೆಯೂರುವ ಸಾಮರ್ಥ್ಯ ಕಾಲು ಭಾಗಕ್ಕೆ ಇಳಿದಿತ್ತು. ಮುಪ್ಪಿನ ಆಕರಕೋಶಗಳು ರೋಗನಿರೋಧಕ ಲಸಿಕಾಕೋಶಗಳನ್ನು ಕಡಿಮೆ ಉತ್ಪಾದಿಸುತ್ತವೆ ಎಂಬುದೂ ಕ್ರಮೇಣ ತಿಳಿದುಬಂದಿತು. ಮನುಷ್ಯರಲ್ಲಿ ಈ ಬದಲಾವಣೆಯ ಸ್ವರೂಪವನ್ನು 2022ರ ಬ್ರಿಟಿಷ್ ಅಧ್ಯಯನವೊಂದು ಸ್ಪಷ್ಟಪಡಿಸಿತು. 65ಕ್ಕಿಂತ ಕಿರಿಯರಲ್ಲಿ ಸಾವಿರಾರು ಆಕರಕೋಶಗಳು ಸರಿಸುಮಾರು ಸಮನಾಗಿ ರಕ್ತವನ್ನು ಉತ್ಪಾದಿಸಿದರೆ, 75 ದಾಟಿದವರಲ್ಲಿ 12ರಿಂದ 18 ಕೋಶವಂಶಗಳೇ ಶೇ. 30ರಿಂದ 60ರಷ್ಟು ರಕ್ತೋತ್ಪಾದನೆಯನ್ನು ಆಕ್ರಮಿಸಿಕೊಂಡಿದ್ದವು. ಇಂಥ ಕೆಲವು ವಂಶಗಳಲ್ಲಿನ ಜೀನ್ ವ್ಯತ್ಯಯಗಳು ರಕ್ತದ ಕ್ಯಾನ್ಸರ್ ಹಾಗೂ ಹೃದ್ರೋಗದ ಸಂಭವವನ್ನು ಹೆಚ್ಚಿಸುತ್ತವೆ.

ಹಾಗಾದರೆ ಪೂರುವಿನ ದಾನ ಫಲಿಸೀತೇ? 2005ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಎಳೆಯ ಮತ್ತು ಮುದಿ ಇಲಿಗಳ ರಕ್ತಸಂಚಾರವನ್ನು ಜೋಡಿಸಿದಾಗ ಮುದಿ ಇಲಿಯ ಸ್ನಾಯು ಮತ್ತು ಯಕೃತ್ತಿನ ಕೋಶಗಳು ಚೇತರಿಸಿಕೊಂಡವು. ಈ ವಾರ್ತೆ ಹಳೆಯ ಆಸೆಯನ್ನು ಕೆರಳಿಸಿತು. ತರುಣರ ಪ್ಲಾಸ್ಮಾವನ್ನು ಮಾರುವ ವ್ಯವಹಾರದ ವಿರುದ್ಧ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರಲ್ಲಿ ಎಚ್ಚರಿಕೆ ನೀಡಬೇಕಾಯಿತು. 2021ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಎಳೆಯ ಇಲಿಯ ರಕ್ತ ಹರಿದರೂ ಮುದಿ ಇಲಿಯ ರಕ್ತಜನಕ ಆಕರಕೋಶಗಳು ಯೌವನವನ್ನು ಮರಳಿ ಪಡೆಯಲಿಲ್ಲ.

ಆದ್ದರಿಂದ ಯಯಾತಿಯ ಕಥನವನ್ನು ವಿಜ್ಞಾನದ ಪೂರ್ವಸೂಚನೆಯೆಂದು ಓದುವುದು ಸಾಧುವಲ್ಲ. ಆ ಕಥನದ ಕೇಂದ್ರದಲ್ಲಿರುವುದು ಮಗನ ಆಯುಷ್ಯದ ಮೇಲೆ ತಂದೆಗೆ ಹಕ್ಕುಂಟೇ ಎಂಬ ನೈತಿಕ ಪ್ರಶ್ನೆ. ಯಯಾತಿಯು ಕೊನೆಗೆ ಯೌವನವನ್ನು ಮಗನಿಗೆ ಹಿಂದಿರುಗಿಸುತ್ತಾನೆ. ತರುಣರ ರಕ್ತವು ಸರಕಾಗುತ್ತಿರುವ ಸಂದರ್ಭದಲ್ಲಿ ಆ ಪ್ರಶ್ನೆಯ ಪ್ರಸ್ತುತತೆ ಕುಂದಿಲ್ಲ.