ಕರಾಚಿಯಲ್ಲಿ ಬದಲಾದ ಮೂರು ಎಂಜಿನ್

"ಹೇಗೂ ಬಿಚ್ಚಿದೀವಿ ಸಾರ್, ಇದನ್ನೂ ಹೊಸದು ಹಾಕಿಸ್ಬಿಡಿ" ಅಂತ ಮೆಕ್ಯಾನಿಕ್ ಅಂದ್ರೆ ನಮಗೆಲ್ಲಾ ಅನುಮಾನ, ಅಲ್ವಾ? ವಿಮಾನದಲ್ಲಿ ಮೊದಲು ಭೂಮಿ ಸುತ್ತಿದವರ ಕಥೆ ಓದಿದ ಮೇಲೆ ನನಗೆ ಆ ಮಾತಿನ ಬೆಲೆ ಗೊತ್ತಾಯ್ತು.

1924ರ ಏಪ್ರಿಲ್ 6ರಂದು ಅಮೆರಿಕದ ಸೇನೆಯ ನಾಲ್ಕು ಡಗ್ಲಾಸ್ ವಿಮಾನಗಳು ಸಿಯಾಟಲ್ ಬಿಟ್ಟವು. ಒಂದು ಅಲಾಸ್ಕಾದಲ್ಲೇ ಬೆಟ್ಟಕ್ಕೆ ಬಡಿಯಿತು. ವಿಯೆಟ್ನಾಮಿನಲ್ಲಿ 'ಶಿಕಾಗೋ'ದ ಕನೆಕ್ಟಿಂಗ್ ರಾಡ್ ಮುರಿದು, ವಿಮಾನ ಹಿನ್ನೀರಿನಲ್ಲಿ ಇಳಿಯಿತು. ಊರವರ ದೋಣಿಗಳು ಅದನ್ನು ಹುಯೆ ಪಟ್ಟಣಕ್ಕೆ ಎಳೆದು ತಂದವು; ಅಲ್ಲಿ ಹೊಸ ಲಿಬರ್ಟಿ ಎಂಜಿನ್ ಕೂರಿಸಿದರು. ಮುಂದೆ ಕರಾಚಿ ಇನ್ನೇನು ಬಂತು ಅನ್ನುವಾಗ 'ನ್ಯೂ ಆರ್ಲಿಯನ್ಸ್' ಎಂಜಿನ್ ಕೈಕೊಟ್ಟಿತು. ಹೇಗೋ ಇಳಿದರು. ಈ ಸಲ ಕೆಟ್ಟದ್ದೊಂದನ್ನೇ ಅಲ್ಲ, ಮೂರೂ ವಿಮಾನಗಳ ಎಂಜಿನ್ ಬದಲಾಯಿಸಿದರು!

ಆದರೂ ಆಗಸ್ಟ್ 3ರಂದು ಅಟ್ಲಾಂಟಿಕ್ ಮೇಲೆ 'ಬೋಸ್ಟನ್'ನ ಆಯಿಲ್ ಪಂಪ್ ಕೆಟ್ಟಿತು. ಸಮುದ್ರಕ್ಕಿಳಿದ ವಿಮಾನ, ಹಡಗು ಎಳೆಯುವಾಗ ಮಗುಚಿ ಮುಳುಗಿತು. ಅದರಲ್ಲಿದ್ದ ಇಬ್ಬರೂ ಬದುಕಿದರು. ಉಳಿದೆರಡು ಸೆಪ್ಟೆಂಬರ್ 28ಕ್ಕೆ ಸಿಯಾಟಲ್ ಮುಟ್ಟಿದವು.

ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ನೀರಿಗಿಳಿಸಿದ್ದು ಒಂದು ಸಣ್ಣ ಪಂಪು. ಕೋಡ್ ಬರೆಯೋ ನಮಗೂ ಇದು ಹೊಸದೇನಲ್ಲ ಬಿಡಿ... ಏನಂತೀರಾ?