ಹೋಶಂಗಾಬಾದಿನ ವಿಜ್ಞಾನ ಪಾಠ

ಮಧ್ಯಪ್ರದೇಶದ ನರ್ಮದಾ ತೀರದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಸರ್ಕಾರಿ ಶಾಲೆಗಳ ವಿಜ್ಞಾನ ಪಾಠವನ್ನು ಹೊಸದಾಗಿ ಕಟ್ಟುವ ಕೆಲಸ ಆರಂಭವಾಯಿತು. ಆರರಿಂದ ಎಂಟನೇ ತರಗತಿಯವರೆಗಿನ ಈ ಶಾಲೆಗಳಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಬಡ ರೈತರ, ಕೂಲಿಕಾರರ ಮಕ್ಕಳು. ಪ್ರಯೋಗಾಲಯ ಎಂಬುದನ್ನೇ ಅವರು ಕಂಡಿರಲಿಲ್ಲ. ವಿಜ್ಞಾನವೆಂದರೆ ಪುಸ್ತಕದ ವ್ಯಾಖ್ಯೆಯನ್ನು ಉರುಹೊಡೆದು ಪರೀಕ್ಷೆಯಲ್ಲಿ ಬರೆಯುವುದಷ್ಟೇ ಆಗಿತ್ತು.

ಕೆಲಸಕ್ಕೆ ಮುಂದಾದವು ಎರಡು ಸಂಸ್ಥೆಗಳು: ರಸೂಲಿಯಾದಲ್ಲಿ ಕ್ವೇಕರ್ ಪಂಥದವರು ಸ್ಥಾಪಿಸಿದ್ದ ಫ್ರೆಂಡ್ಸ್ ರೂರಲ್ ಸೆಂಟರ್ ಮತ್ತು ಬನಖೇಡಿ ಸಮೀಪದ ಕಿಶೋರ್ ಭಾರತಿ. ಎರಡನೆಯದನ್ನು ಕಟ್ಟಿದ ಅನಿಲ್ ಸದ್ಗೋಪಾಲ್, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದಿದ್ದ ವಿಜ್ಞಾನಿ. ಶಿಕ್ಷಕರ ಆರಂಭದ ತರಬೇತಿಗೆ ಅದೇ ಸಂಸ್ಥೆಯಿಂದ ಭೌತವಿಜ್ಞಾನಿ ಯಶ್ ಪಾಲ್ ಮತ್ತಿತರರು ಬಂದರು. ಆಮೇಲೆ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಕೈಜೋಡಿಸಿದರು. ಅವರು ಹಳ್ಳಿಗಳಲ್ಲಿ ಇದ್ದು ದುಡಿಯಲು ವಿಶ್ವವಿದ್ಯಾಲಯ ಅನುದಾನ ಆಯೋಗ ಫೆಲೋಶಿಪ್ ಕೊಟ್ಟಿತು. ಹಳ್ಳಿಶಾಲೆಯ ಪಾಠವೂ ವಿಶ್ವವಿದ್ಯಾಲಯದ ಅಧ್ಯಾಪಕರು ಮಾಡಬೇಕಾದ ಕೆಲಸವೇ ಎಂದು ಆಯೋಗ ಒಪ್ಪಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ವಿದ್ವಾಂಸರು ಬರೆದಿಟ್ಟ ಪಠ್ಯವನ್ನು ಶಾಲೆಯ ಮೇಲೆ ಹೇರುವ ವಾಡಿಕೆಯನ್ನು ಈ ಕಾರ್ಯಕ್ರಮ ಕೈಬಿಟ್ಟಿತು. ಅದರ ನಿಜವಾದ ಹೆಗ್ಗಳಿಕೆ ಇರುವುದು ಇಲ್ಲಿಯೇ. 'ಬಾಲ್ ವೈಜ್ಞಾನಿಕ್' ಹೆಸರಿನ ಹಿಂದಿ ಪುಸ್ತಕಗಳ ಪಾಠಗಳನ್ನು ಮೊದಲು ತರಗತಿಯಲ್ಲಿ ಪರೀಕ್ಷಿಸಿ, ಶಿಕ್ಷಕರ ಅನುಭವ ಕೇಳಿ, ತಿದ್ದಿ ಬರೆಯಲಾಗುತ್ತಿತ್ತು. ಪುಸ್ತಕದಲ್ಲಿ ಇರುತ್ತಿದ್ದುದು ಪ್ರಶ್ನೆ ಮತ್ತು ಪ್ರಯೋಗದ ವಿಧಾನ ಮಾತ್ರ. ಉತ್ತರವನ್ನು ಮಕ್ಕಳೇ ಕಂಡುಕೊಳ್ಳಬೇಕಿತ್ತು. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಪ್ರತಿ ಗುಂಪಿಗೂ ಪ್ರಯೋಗದ ಸಾಮಗ್ರಿ ಕೊಡುತ್ತಿದ್ದರು. ಹೊಲ, ಹಳ್ಳ ಸುತ್ತಿ ಎಲೆ, ಕೀಟ ಸಂಗ್ರಹಿಸುವುದೂ ಪಾಠದ ಭಾಗವಾಗಿತ್ತು. ಸಾಮಗ್ರಿ ಆದಷ್ಟೂ ಅಗ್ಗದ್ದು, ಊರಲ್ಲೇ ಸಿಗುವಂಥದ್ದು. ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ಆಕೃತಿ ಕಟ್ಟುವ ವಿಧಾನವನ್ನು ಇಂಜಿನಿಯರ್ ಅರವಿಂದ ಗುಪ್ತ ರೂಪಿಸಿದ್ದು 1978ರಲ್ಲಿ ಇಲ್ಲಿಗೆ ಬಂದಾಗಲೇ.

ಬೇಸಿಗೆ ರಜೆಯ ತರಬೇತಿಯಲ್ಲಿ ಶಾಲಾ ಶಿಕ್ಷಕರು ಮಕ್ಕಳಂತೆಯೇ ಗುಂಪಿನಲ್ಲಿ ಕುಳಿತು ಪ್ರಯೋಗ ಮಾಡುತ್ತಿದ್ದರು. ಆಮೇಲೆ ತಿಂಗಳಿಗೊಮ್ಮೆ ಸೇರಿ ತರಗತಿಯ ತೊಡಕುಗಳನ್ನು ಚರ್ಚಿಸುತ್ತಿದ್ದರು. ವರ್ಷ ಕಳೆದಂತೆ ಅವರಲ್ಲೇ ಅನೇಕರು ಇತರರಿಗೆ ತರಬೇತಿ ನೀಡುವ ಸಂಪನ್ಮೂಲ ವ್ಯಕ್ತಿಗಳಾದರು. ಮಕ್ಕಳು ತಮ್ಮ ಪ್ರಶ್ನೆಗಳನ್ನು 'ಸವಾಲಿರಾಮ್' ಎಂಬ ಕಲ್ಪಿತ ವ್ಯಕ್ತಿಗೆ ಕಾಗದದಲ್ಲಿ ಬರೆಯುತ್ತಿದ್ದರು, ಉತ್ತರವೂ ಬರುತ್ತಿತ್ತು. ಪರೀಕ್ಷೆಯೂ ಬದಲಾಯಿತು. ಎಂಟನೇ ತರಗತಿಯ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದಿತ್ತು. ಅದರ ಜೊತೆಗೆ ಪ್ರಯೋಗ ಪರೀಕ್ಷೆಯೂ ಇತ್ತು. ಸರ್ಕಾರಿ ವ್ಯವಸ್ಥೆಯೊಳಗೇ ಇದು ನಡೆದದ್ದು ಕಾರ್ಯಕ್ರಮದ ದೊಡ್ಡ ಗೆಲುವು.

1978ರಲ್ಲಿ ಸರ್ಕಾರ ಇದನ್ನು ಇಡೀ ಜಿಲ್ಲೆಗೆ ವಿಸ್ತರಿಸಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಹೊಣೆ ವಹಿಸಿಕೊಂಡು ಬೇರೆ ಜಿಲ್ಲೆಗಳಿಗೂ ಒಯ್ದಿತು. ದೆಹಲಿಯಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ವಿನೋದ್ ರೈನಾ ಅಧ್ಯಾಪಕ ವೃತ್ತಿ ಬಿಟ್ಟು ಇದಕ್ಕೇ ನಿಂತರು. 1985ರಲ್ಲಿ ಮಕ್ಕಳಿಗಾಗಿ 'ಚಕ್‌ಮಕ್' ಮಾಸಿಕ ಆರಂಭವಾಯಿತು.

ಶಾಲೆಗಳು ಸರ್ಕಾರದವು, ಹಾಗಾಗಿ ಕಾರ್ಯಕ್ರಮದ ಆಯುಷ್ಯವೂ ಸರ್ಕಾರದ ಕೈಯಲ್ಲಿತ್ತು. ಹತ್ತನೇ ತರಗತಿಯ ಫಲಿತಾಂಶ ಕಡಿಮೆ ಎಂಬ ದೂರು ಎದ್ದು, ಜಿಲ್ಲಾ ಯೋಜನಾ ಸಮಿತಿ ಅದನ್ನು ನಿಲ್ಲಿಸಲು ಶಿಫಾರಸು ಮಾಡಿತು. ಆರರಿಂದ ಎಂಟರವರೆಗಿನ ಒಂದೇ ವಿಷಯದ ಬೋಧನೆಯನ್ನು ಹತ್ತನೆಯ ತರಗತಿಯ ಅಂಕಗಳಿಂದ ಅಳೆದದ್ದು ಅನ್ಯಾಯವೇ ಸರಿ. ದೇಶದ ಹಲವು ವಿಜ್ಞಾನಿಗಳು, ಶಿಕ್ಷಣತಜ್ಞರು ಪ್ರತಿಭಟಿಸಿದರೂ 2002ರಲ್ಲಿ ಸರ್ಕಾರ ಕಾರ್ಯಕ್ರಮವನ್ನು ಮುಚ್ಚಿತು.

ಮೂರು ವರ್ಷಗಳ ಬಳಿಕ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಂಠಪಾಠವನ್ನು ಬಿಟ್ಟು, ಮಗು ತಾನೇ ಮಾಡಿ ಕಲಿಯಬೇಕೆಂದು ಹೇಳಿತು. ಅದನ್ನು ರೂಪಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಯಶ್ ಪಾಲ್.